ಮೊಣಕೈಗೆ ಸೂಜಿ: ಆರು ವಾರದ ಲೆಕ್ಕ ಬೇರೆ, ವರ್ಷದ ಲೆಕ್ಕ ಬೇರೆ

ಟೆನ್ನಿಸ್ ಎಲ್ಬೋ ಅಂತ ಡಾಕ್ಟರು ಹೇಳಿದ ಕೂಡಲೇ ಜನ ಆಡುವ ಮೊದಲ ಮಾತು, "ನಾನು ಜನ್ಮದಲ್ಲಿ ಟೆನ್ನಿಸ್ ಬ್ಯಾಟ್ ಮುಟ್ಟಿಲ್ವಲ್ಲ ಡಾಕ್ಟ್ರೇ". ಎರಡನೇ ಮಾತು, "ಒಂದು ಇಂಜೆಕ್ಷನ್ ಹಾಕಿಬಿಡಿ, ಮುಗಿದುಹೋಗ್ಲಿ". ಮೊದಲನೆಯದಕ್ಕೆ ಉತ್ತರ ಸುಲಭ. ಟೆನ್ನಿಸ್ ಆಡದವರಿಗೇ ಇದು ಜಾಸ್ತಿ ಬರುತ್ತದೆ. ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಿಲ್ಲ. ಯಾಕೆಂದರೆ ಮೊಣಕೈಗೆ ಹಾಕುವ ಇಂಜೆಕ್ಷನ್ ಒಂದೇ ಥರದ್ದಲ್ಲ, ಮೂರ್ನಾಲ್ಕು ಬಗೆಯಿವೆ. ಅದರಲ್ಲಿ ಎಲ್ಲಕ್ಕಿಂತ ಬೇಗ ನೋವು ತೆಗೆಯುವುದು ಯಾವುದೋ, ವರ್ಷ ಕಳೆದ ಮೇಲೆ ನೋಡಿದರೆ ಎಲ್ಲಕ್ಕಿಂತ ಹಿಂದೆ ಬಿದ್ದಿರುವುದೂ ಅದೇ.

ಇದು ನನ್ನ ಅನಿಸಿಕೆಯಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಒಂದಾದ ಮೇಲೊಂದು ಅಧ್ಯಯನ ಇದನ್ನೇ ಹೇಳುತ್ತಾ ಬಂದಿದೆ. ಆದರೂ ಕ್ಲಿನಿಕ್ಕಿನಲ್ಲಿ ಕೂತಾಗ ಈ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ನೋವಿರುವವರಿಗೆ ಇವತ್ತಿನ ನೋವು ಹೋದರೆ ಸಾಕು, ಡಾಕ್ಟರಿಗೆ ಹೊರಗಡೆ ಇನ್ನೂ ಮೂವತ್ತು ಜನ ಕಾಯುತ್ತಿರುತ್ತಾರೆ.

ನೋವು ಎಲ್ಲಿ, ಯಾಕೆ

ನಿಮ್ಮ ಬಲಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗೆ ಮಾಡಿ ಇಡಿ. ಮೊಣಕೈಯ ಹೊರಬದಿಯಲ್ಲಿ ಒಂದು ಮೂಳೆ ಉಬ್ಬಿಕೊಂಡಿರುತ್ತದೆ, ಎಡಗೈ ಬೆರಳಲ್ಲಿ ಮುಟ್ಟಿ ನೋಡಿ. ಮಣಿಕಟ್ಟನ್ನು ಮೇಲಕ್ಕೆ ಎತ್ತುವ ಸ್ನಾಯುಗಳೆಲ್ಲ ಮುಂಗೈ ಉದ್ದಕ್ಕೂ ಬಂದು ಅಲ್ಲೇ ಅಂಟಿಕೊಂಡಿರುತ್ತವೆ. ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಆ ಗಟ್ಟಿ ಪಟ್ಟಿಗೆ ಟೆಂಡನ್ ಅನ್ನುತ್ತಾರೆ. ಟೆನ್ನಿಸ್ ಎಲ್ಬೋದಲ್ಲಿ ಕೆಡುವುದು ಮುಖ್ಯವಾಗಿ ಅದರಲ್ಲಿ ಒಂದೇ ಒಂದು ಟೆಂಡನ್, ವೈದ್ಯರು ಇಸಿಆರ್‌ಬಿ ಅನ್ನುವುದು.

ಈಗ ತಮಾಷೆ ನೋಡಿ. ಏನನ್ನಾದರೂ ಬಿಗಿಯಾಗಿ ಹಿಡಿಯಬೇಕಾದರೆ ಬೆರಳು ಮಡಚಬೇಕು, ಇದು ಅಂಗೈ ಕಡೆಯ ಸ್ನಾಯುಗಳ ಕೆಲಸ. ಆದರೆ ಹಿಡಿಯುವಾಗ ಮಣಿಕಟ್ಟು ಮುಂದಕ್ಕೆ ಬಾಗಿಹೋಗದ ಹಾಗೆ ತಡೆಯುವುದು ಹಿಂಬದಿಯ ಈ ಸ್ನಾಯುಗಳು. ಅಂದರೆ ನೀವು ಏನು ಹಿಡಿದರೂ ಅಲ್ಲಿ ಎಳೆತ ಬೀಳುತ್ತದೆ. ಬಟ್ಟೆ ಹಿಂಡುವುದು, ಚಪಾತಿ ಲಟ್ಟಿಸುವುದು, ತುರಿಮಣೆ ಮೇಲೆ ಕಾಯಿ ತುರಿಯುವುದು, ಸ್ಕ್ರೂಡ್ರೈವರ್ ತಿರುಗಿಸುವುದು, ಗಾರೆ ಕೆಲಸದ ಕರಣೆ ಹಿಡಿಯುವುದು, ಟ್ರಾಫಿಕ್ಕಿನಲ್ಲಿ ಬೈಕಿನ ಕ್ಲಚ್ ಹಿಡಿದು ಬಿಡುವುದು, ದಿನವಿಡೀ ಮೌಸ್ ಹಿಡಿದು ಮಣಿಕಟ್ಟನ್ನು ಎತ್ತಿಕೊಂಡೇ ಕೂತಿರುವುದು, ಎಲ್ಲ ಒಂದೇ ಕಡೆಗೆ ಬಂದು ತಟ್ಟುತ್ತದೆ. ಹೆಚ್ಚಾಗಿ 35ರಿಂದ 55ರ ನಡುವಿನವರಿಗೆ, ಹೆಚ್ಚು ಬಳಸುವ ಕೈಗೆ ಬರುತ್ತದೆ. ಬೆಳಗ್ಗೆ ಕಾಫಿ ಲೋಟ ಎತ್ತುವಾಗ, ಹಾಲಿನ ಪ್ಯಾಕೆಟ್ ಎತ್ತುವಾಗ, ಯಾರದ್ದೋ ಕೈ ಕುಲುಕುವಾಗ ಚಳಕ್ ಅಂದರೆ ಅನುಮಾನ ಪಡಬಹುದು.

ಆಟಗಾರರಿಗೆ ಬರುವುದೇ ಇಲ್ಲ ಅಂತಲ್ಲ. 2004ರಲ್ಲಿ ಆಸ್ಟ್ರೇಲಿಯಾ ನಮ್ಮಲ್ಲಿಗೆ ಬಂದಾಗ ಬೆಂಗಳೂರು ಟೆಸ್ಟಿನಲ್ಲಿ ಸಚಿನ್ ತೆಂಡೂಲ್ಕರ್ ಇರಲಿಲ್ಲ, ನೆನಪಿದೆಯಾ? ಕಾರಣ ಇದೇ ಮೊಣಕೈ. ಮರುವರ್ಷ ಲಂಡನ್ನಿನಲ್ಲಿ ಆಪರೇಷನ್ ಕೂಡ ಮಾಡಿಸಿಕೊಂಡರು. ಆಗ ನಮ್ಮ ಕಡೆ ಮನೆಮನೆಯಲ್ಲೂ ಈ ಕಾಯಿಲೆಯ ಹೆಸರು ಗೊತ್ತಾಯಿತು.

ಇಲ್ಲಿ ಒಂದು ಮುಖ್ಯ ವಿಷಯ. ಬಹಳ ಕಾಲ ವೈದ್ಯರೂ ಇದನ್ನು ಉರಿಯೂತ ಅಂದುಕೊಂಡಿದ್ದರು. ಅಂದರೆ ಊದಿಕೊಂಡು, ಕೆಂಪಾಗಿ, ಬಿಸಿಯಾಗಿ ನೋಯುವ ಥರದ್ದು. 1979ರಲ್ಲಿ ಅಮೆರಿಕದ ಇಬ್ಬರು ಸರ್ಜನ್‌ಗಳು ಆಪರೇಷನ್ನಿನಲ್ಲಿ ತೆಗೆದ ಟೆಂಡನ್ ತುಣುಕುಗಳ ಬಗ್ಗೆ ಬರೆದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉರಿಯೂತದ ಕಣಗಳು ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬದಲಿಗೆ ಎಳೆಗಳು ಅಡ್ಡಾದಿಡ್ಡಿಯಾಗಿ, ನಡುವೆ ಬೇಡದ ರಕ್ತನಾಳಗಳು ಹುಟ್ಟಿಕೊಂಡು, ಅರೆಬರೆ ರಿಪೇರಿಯಾಗಿ ನಿಂತುಹೋದ ಹಾಗಿತ್ತು. ಬಾವಿಯ ಹಗ್ಗ ಒಂದೇ ಕಡೆ ಗಾಲಿಗೆ ತಿಕ್ಕಿ ತಿಕ್ಕಿ ಎಳೆ ಬಿಟ್ಟುಕೊಂಡಿರುತ್ತದಲ್ಲ, ಹಾಗೆ. ಸವೆತದ ಕಾಯಿಲೆಗೆ ಉರಿಯೂತದ ಔಷಧಿ ಕೊಟ್ಟರೆ ಏನಾಗುತ್ತದೆ ಅನ್ನುವುದೇ ಮುಂದಿನ ಕಥೆ.

ಹಳೇ ಹುಲಿ: ಸ್ಟೀರಾಯ್ಡ್

ಬರೀ "ನೋವಿನ ಇಂಜೆಕ್ಷನ್" ಅಂತ ಹೇಳಿ ಮೊಣಕೈಗೆ ಚುಚ್ಚಿದರೆ, ಅದು ಸ್ಟೀರಾಯ್ಡ್ ಆಗಿರುವ ಸಾಧ್ಯತೆಯೇ ಹೆಚ್ಚು. ಟ್ರಯಾಮ್ಸಿನಲೋನ್ ಅಥವಾ ಮಿಥೈಲ್ ಪ್ರೆಡ್ನಿಸಲೋನ್ ಅಂತ ಬಾಟಲಿ ಮೇಲೆ ಬರೆದಿರುತ್ತದೆ. ಜಿಮ್ ಹುಡುಗರು ಮೈ ಬೆಳೆಸಲು ತಗೊಳ್ಳುವ ಸ್ಟೀರಾಯ್ಡ್ ಇದಲ್ಲ, ಅದರ ವಂಶವೇ ಬೇರೆ ಕವಲು. ಇದು ಕಾರ್ಟಿಸೋನ್ ಮನೆತನದ್ದು. ಕಾರ್ಟಿಸೋನ್ ಬಗ್ಗೆ ಕೆಲಸ ಮಾಡಿದ ಹೆಂಚ್, ಕೆಂಡಲ್ ಮತ್ತು ರೈಕ್‌ಸ್ಟೈನ್ ಅವರಿಗೆ 1950ರಲ್ಲಿ ನೊಬೆಲ್ ಬಂತು. ಹಾಸಿಗೆ ಹಿಡಿದಿದ್ದ ಸಂಧಿವಾತದ ರೋಗಿಗಳು ಎದ್ದು ಓಡಾಡಿದ್ದನ್ನು ನೋಡಿ ಜಗತ್ತು ಬೆರಗಾಗಿತ್ತು. ಸಂಧಿವಾತದಲ್ಲಿ ನಿಜವಾದ ಉರಿಯೂತ ಇರುತ್ತದೆ, ಹಾಗಾಗಿ ಅಲ್ಲಿ ಅದು ಕೆಲಸ ಮಾಡಿತು. ಆಮೇಲೆ ಭುಜ, ಮೊಣಕಾಲು, ಹಿಮ್ಮಡಿ, ಮೊಣಕೈ ಅಂತ ಎಲ್ಲ ಕಡೆಗೂ ಸೂಜಿ ಹೋಯಿತು.

ಕೊಡುವ ರೀತಿ ಸರಳ. ಮೊಣಕೈ ಮಡಚಿ ಮೇಜಿನ ಮೇಲೆ ಇಡಿಸುತ್ತಾರೆ. ಡಾಕ್ಟರು ಹೆಬ್ಬೆರಳಲ್ಲಿ ಆ ಮೂಳೆಯ ಸುತ್ತ ಒತ್ತುತ್ತಾ ಬರುತ್ತಾರೆ, ನೀವು "ಹಾಂ, ಅಲ್ಲೇ" ಅಂತ ಕೈ ಎಳೆದುಕೊಳ್ಳುವ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿದರೂ ಹಾಕಿದರು. ಸ್ಪಿರಿಟ್ ಒರೆಸಿ, ಸ್ಟೀರಾಯ್ಡ್ ಜೊತೆಗೆ ಮರಗಟ್ಟಿಸುವ ಔಷಧಿ ಲಿಗ್ನೊಕೇಯ್ನ್ ಸ್ವಲ್ಪ ಬೆರೆಸಿ ಚುಚ್ಚುತ್ತಾರೆ. ಎದ್ದು ನಿಲ್ಲುವಷ್ಟರಲ್ಲಿ ನೋವು ಮಾಯ! ಅದು ಸ್ಟೀರಾಯ್ಡ್ ಮಹಿಮೆಯಲ್ಲ, ಲಿಗ್ನೊಕೇಯ್ನ್ ಮಹಿಮೆ. ಕೆಲವು ಗಂಟೆಗಳಲ್ಲಿ ಅದು ಇಳಿಯುತ್ತದೆ, ಒಂದೆರಡು ದಿನ ಮೊದಲಿಗಿಂತ ಜಾಸ್ತಿ ನೋಯಲೂಬಹುದು, ಆಮೇಲೆ ಸ್ಟೀರಾಯ್ಡ್ ಕೆಲಸ ಶುರುವಾಗುತ್ತದೆ. ವಾರ ಹತ್ತು ದಿನದಲ್ಲಿ ಕೈ ಹಗುರ. ರೋಗಿ ಖುಷಿ, ಡಾಕ್ಟರು ಖುಷಿ.

ಈಗ ಲೆಕ್ಕ ನೋಡೋಣ. 2002ರಲ್ಲಿ ನೆದರ್ಲೆಂಡ್ಸ್‌ನವರು 185 ಜನರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ಸ್ಟೀರಾಯ್ಡ್, ಒಂದಕ್ಕೆ ಫಿಸಿಯೋಥೆರಪಿ, ಇನ್ನೊಂದಕ್ಕೆ ಏನೂ ಇಲ್ಲ, ಸುಮ್ನೆ ಕಾಯಿರಿ, ಬೇಕಾದರೆ ನೋವಿನ ಮಾತ್ರೆ ತಗೊಳ್ಳಿ ಅಂತ. ಆರು ವಾರಕ್ಕೆ ನೋಡಿದರೆ ಸ್ಟೀರಾಯ್ಡ್ ಗುಂಪಿನಲ್ಲಿ ನೂರಕ್ಕೆ 92 ಜನ ಗುಣ. ಫಿಸಿಯೋ ಗುಂಪಿನಲ್ಲಿ 47, ಸುಮ್ನೆ ಕಾದವರಲ್ಲಿ 32. ಇಲ್ಲಿಗೇ ನಿಲ್ಲಿಸಿದ್ದರೆ ಸ್ಟೀರಾಯ್ಡ್‌ಗೆ ಹಾರ ಹಾಕಬೇಕಿತ್ತು. ಅವರು ನಿಲ್ಲಿಸಲಿಲ್ಲ. 52 ವಾರ ಆದ ಮೇಲೆ ಮತ್ತೆ ನೋಡಿದರು. ಫಿಸಿಯೋದವರಲ್ಲಿ 91 ಜನ ಗುಣ, ಸುಮ್ನೆ ಕಾದವರಲ್ಲಿ 83, ಸ್ಟೀರಾಯ್ಡ್ ತಗೊಂಡವರಲ್ಲಿ 69.

ಇನ್ನೊಂದು ಸಲ ಓದಿ. ಏನೂ ಮಾಡದೆ ಕಾದವರು, ಸೂಜಿ ಚುಚ್ಚಿಸಿಕೊಂಡವರಿಗಿಂತ ಮುಂದೆ ಇದ್ದರು.

ಎಲ್ಲೋ ಒಂದು ಕಡೆ ಹೀಗಾಗಿರಬಹುದು ಅಂತ ತಳ್ಳಿಹಾಕುವ ಹಾಗೂ ಇಲ್ಲ. 2006ರಲ್ಲಿ ಆಸ್ಟ್ರೇಲಿಯಾದವರು 198 ಜನರ ಮೇಲೆ ಇದೇ ಥರ ನೋಡಿದರು. ಆರು ವಾರಕ್ಕೆ ಸ್ಟೀರಾಯ್ಡ್‌ನವರಲ್ಲಿ ನೂರಕ್ಕೆ 78 ಜನ ಗುಣ, ಕಾದವರಲ್ಲಿ 27. ಆದರೆ ಸ್ಟೀರಾಯ್ಡ್ ಗುಂಪಿನಲ್ಲಿ ನೂರಕ್ಕೆ 72 ಜನರಿಗೆ ಆಮೇಲೆ ನೋವು ಮರುಕಳಿಸಿತು. 2013ರಲ್ಲಿ ಮತ್ತೆ ಆಸ್ಟ್ರೇಲಿಯಾದಿಂದಲೇ 165 ಜನರ ಅಧ್ಯಯನ, ಜಾಮಾ ಪತ್ರಿಕೆಯಲ್ಲಿ. ಈ ಸಲ ಅರ್ಧ ಜನಕ್ಕೆ ಸ್ಟೀರಾಯ್ಡ್, ಅರ್ಧ ಜನಕ್ಕೆ ಬರೀ ಉಪ್ಪುನೀರು, ಅಂದರೆ ಸಲೈನ್. ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿಲ್ಲ. ವರ್ಷಕ್ಕೆ ನೋಡಿದರೆ ಉಪ್ಪುನೀರಿನವರಲ್ಲಿ ನೂರಕ್ಕೆ 96 ಜನ ಪೂರ್ತಿ ಅಥವಾ ಬಹುಪಾಲು ಗುಣ, ಸ್ಟೀರಾಯ್ಡ್‌ನವರಲ್ಲಿ 83. ಮರುಕಳಿಸಿದ್ದು ಉಪ್ಪುನೀರಿನವರಲ್ಲಿ ನೂರಕ್ಕೆ 12 ಜನಕ್ಕೆ, ಸ್ಟೀರಾಯ್ಡ್‌ನವರಲ್ಲಿ 54 ಜನಕ್ಕೆ. ಸ್ಟೀರಾಯ್ಡ್ ಜೊತೆ ಫಿಸಿಯೋ ಸೇರಿಸಿದರೆ ಸರಿಹೋದೀತು ಅಂತ ಅದನ್ನೂ ಮಾಡಿದರು. ವರ್ಷದ ಲೆಕ್ಕ ಬದಲಾಗಲಿಲ್ಲ.

ಯಾಕೆ ಹೀಗೆ? ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ, ಆದರೆ ಎರಡು ಕಾರಣ ಮುಂದೆ ಬರುತ್ತವೆ. ಒಂದು, ಸ್ಟೀರಾಯ್ಡ್ ನೋವಿನ ಸಂಕೇತ ಕಳಿಸುವ ರಾಸಾಯನಿಕಗಳನ್ನು ಅದುಮುತ್ತದೆ, ಜೊತೆಗೇ ಟೆಂಡನ್ ಕಟ್ಟುವ ಕೊಲಾಜನ್ ತಯಾರಿಯನ್ನೂ ಅದುಮುತ್ತದೆ. ಎಳೆ ಬಿಟ್ಟುಕೊಂಡ ಜಾಗದಲ್ಲಿ ಹೊಸ ಎಳೆ ಹೆಣೆಯುವ ಕೆಲಸಕ್ಕೇ ರಜೆ ಕೊಟ್ಟ ಹಾಗಾಯಿತು. ಇನ್ನೊಂದು, ನೋವು ಇಲ್ಲವಾದ ಕೂಡಲೇ ನಾವು ಸುಮ್ಮನಿರುವ ಪೈಕಿಯಲ್ಲ. ವಾರದಿಂದ ಬಾಕಿ ಬಿದ್ದಿದ್ದ ಬೆಡ್‌ಶೀಟು, ಪರದೆ ಎಲ್ಲ ಒಗೆದು ಹಿಂಡಿಬಿಡುತ್ತೇವೆ. ಕೈ ನೋಯುತ್ತಿಲ್ಲ, ಆದರೆ ಟೆಂಡನ್ ಇನ್ನೂ ಗಟ್ಟಿಯಾಗಿಲ್ಲ. ಎರಡು ಮೂರು ತಿಂಗಳಿಗೆ ನೋವು ವಾಪಸ್. ಮತ್ತೆ ಅದೇ ಕ್ಲಿನಿಕ್ಕು, ಮತ್ತೆ ಅದೇ ಸೂಜಿ, ಈ ಸಲ ಅದು ಮೊದಲಿನಷ್ಟು ನಾಟುವುದಿಲ್ಲ. ಪದೇ ಪದೇ ಹಾಕಿಸಿಕೊಂಡವರಲ್ಲಿ ಟೆಂಡನ್ ಹರಿದದ್ದೂ ಇದೆ, ಅಪರೂಪ, ಆದರೆ ಇದೆ.

ಅಡ್ಡ ಪರಿಣಾಮಗಳಲ್ಲಿ ನಮ್ಮವರು ವಿಶೇಷವಾಗಿ ತಿಳಿದಿರಬೇಕಾದ್ದು ಎರಡು. ಸೂಜಿ ಚುಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗಬಹುದು, ಕೆಳಗಿನ ಕೊಬ್ಬು ಕರಗಿ ಸಣ್ಣ ಗುಳಿ ಬೀಳಬಹುದು. ಮೊಣಕೈ ಮೂಳೆ ಚರ್ಮಕ್ಕೆ ಅಂಟಿಕೊಂಡೇ ಇರುವುದರಿಂದ ಔಷಧಿ ಮೇಲಕ್ಕೆ ಬರುವುದು ಸುಲಭ, ಕಂದು ಮೈಬಣ್ಣದವರಲ್ಲಿ ಆ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ತೊನ್ನು ಶುರುವಾಯಿತು ಅಂತ ಹೆದರಿ ಚರ್ಮದ ಡಾಕ್ಟರ ಹತ್ತಿರ ಓಡುವವರಿದ್ದಾರೆ. ಅದು ತೊನ್ನಲ್ಲ, ಎಷ್ಟೋ ಜನರಿಗೆ ತಿಂಗಳುಗಳಲ್ಲಿ ಬಣ್ಣ ವಾಪಸ್ ಬರುತ್ತದೆ. ಎರಡನೆಯದು ಶುಗರ್. ಡಯಾಬಿಟಿಸ್ ಇರುವವರಿಗೆ ಒಂದೇ ಒಂದು ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದಲೂ ಕೆಲವು ದಿನ, ಕೆಲವೊಮ್ಮೆ ವಾರದವರೆಗೆ, ಶುಗರ್ ಏರಬಹುದು. ಡಾಕ್ಟರು ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಬೇಕು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಆ ವಾರ ತಪ್ಪದೆ ನೋಡಿಕೊಳ್ಳಿ.

ಹಾಗಾದರೆ ಸ್ಟೀರಾಯ್ಡ್ ತಗೊಳ್ಳಲೇಬಾರದಾ? ಅಷ್ಟು ಖಡಾಖಂಡಿತವಾಗಿ ನಾನು ಹೇಳುವುದಿಲ್ಲ. ಮೂರು ವಾರದಲ್ಲಿ ಮನೆಯಲ್ಲಿ ಮದುವೆ, ಕೈ ಎತ್ತಲು ಆಗುತ್ತಿಲ್ಲ, ರಾತ್ರಿ ನಿದ್ದೆಯಿಲ್ಲ ಅನ್ನುವವರು, ಆಮೇಲೆ ಮರುಕಳಿಸಬಹುದು ಅಂತ ತಿಳಿದೇ ಒಂದು ಸಲ ತಗೊಂಡರೆ ಅದು ಅವರ ಲೆಕ್ಕಾಚಾರ. ತಿಳಿಯದೆ ತಗೊಳ್ಳುವುದೇ ತೊಂದರೆ.

ಈಗಿನ ಫ್ಯಾಷನ್: ಪಿಆರ್‌ಪಿ

ಸ್ಟೀರಾಯ್ಡ್ ಹೆಸರು ಕೆಟ್ಟ ಮೇಲೆ ಆ ಜಾಗಕ್ಕೆ ಬಂದದ್ದು ಪಿಆರ್‌ಪಿ. ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಅಂತ ಅರ್ಥ. ಪ್ಲೇಟ್‌ಲೆಟ್ ಗೊತ್ತಲ್ಲ, ಡೆಂಗಿ ಬಂದಾಗ ಆಸ್ಪತ್ರೆ ಕಾರಿಡಾರಿನಲ್ಲಿ "ಇವತ್ತು ಕೌಂಟ್ ಎಷ್ಟಂತೆ?" ಅಂತ ಒಬ್ಬರನ್ನೊಬ್ಬರು ಕೇಳುತ್ತೇವಲ್ಲ, ಅದೇ. ರಕ್ತ ಹೆಪ್ಪುಗಟ್ಟಿಸುವುದರ ಜೊತೆಗೆ, ಗಾಯ ಮಾಯಿಸುವ ಹಲವು ಬಗೆಯ ಪ್ರೋಟೀನುಗಳೂ ಅದರ ಹೊಟ್ಟೆಯಲ್ಲಿರುತ್ತವೆ. ಅದನ್ನೇ ಒಟ್ಟುಮಾಡಿ ಕೆಟ್ಟ ಟೆಂಡನ್ ಮೇಲೆ ಬಿಟ್ಟರೆ ನಿಂತುಹೋದ ರಿಪೇರಿ ಮತ್ತೆ ಶುರುವಾದೀತು ಅನ್ನುವುದು ಇದರ ಹಿಂದಿನ ತರ್ಕ.

ಮಾಡುವುದನ್ನು ನೋಡಲು ಚೆನ್ನಾಗಿರುತ್ತದೆ. ನಿಮ್ಮದೇ ತೋಳಿನಿಂದ ರಕ್ತ ತೆಗೆಯುತ್ತಾರೆ, ಕಿಟ್ ಯಾವುದು ಅನ್ನುವುದರ ಮೇಲೆ 20 ಎಂ.ಎಲ್. ಇರಬಹುದು, 60 ಕೂಡ ಇರಬಹುದು. ಟ್ಯೂಬನ್ನು ಸೆಂಟ್ರಿಫ್ಯೂಜ್ ಮೆಷಿನ್ನಿಗೆ ಹಾಕಿ ಗಿರಗಿರ ತಿರುಗಿಸುತ್ತಾರೆ. ಹೊರತೆಗೆದರೆ ಅದೇ ರಕ್ತ ಮೂರು ಪದರ ಆಗಿರುತ್ತದೆ. ತಳದಲ್ಲಿ ದಟ್ಟ ಕೆಂಪು, ಮೇಲೆ ತಿಳಿ ಹಳದಿ ನೀರು, ನಡುವೆ ಎಳೆಯಷ್ಟು ತೆಳ್ಳಗಿನ ಮಬ್ಬು ಬಿಳಿ ಗೆರೆ. ಪ್ಲೇಟ್‌ಲೆಟ್‌ಗಳು ದಟ್ಟವಾಗಿ ಸೇರಿರುವುದು ಆ ಗೆರೆಯ ಆಸುಪಾಸಿನಲ್ಲೇ. ಅಲ್ಲಿಂದ ಕೆಲವೇ ಎಂ.ಎಲ್. ಎಳೆದು ಮೊಣಕೈಗೆ ಚುಚ್ಚುತ್ತಾರೆ. ಚುಚ್ಚುವಾಗ ಒಂದೇ ತೂತಿನಿಂದ ಸೂಜಿಯನ್ನು ಹಿಂದೆ ಮುಂದೆ ಆಡಿಸುತ್ತಾ ಟೆಂಡನ್ನಿಗೆ ಹಲವು ಕಡೆ ತಾಗಿಸುವುದು ವಾಡಿಕೆ. ಈ ವಿವರ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸ್ಟೀರಾಯ್ಡ್ ಥರ ಇದು ಮರುದಿನವೇ ಹಗುರ ಮಾಡುವುದಿಲ್ಲ. ಉಲ್ಟಾ, ಕೆಲವು ದಿನ ಚೆನ್ನಾಗಿಯೇ ನೋಯುತ್ತದೆ. ಆ ಸಮಯದಲ್ಲಿ ಬ್ರೂಫೆನ್, ಡಿಕ್ಲೋಫೆನಾಕ್ ಥರದ ಮಾತ್ರೆ ಬೇಡ ಅನ್ನುತ್ತಾರೆ, ಅವು ಪ್ಲೇಟ್‌ಲೆಟ್ ಕೆಲಸಕ್ಕೇ ಅಡ್ಡ ಬರುತ್ತವೆ. ಪ್ಯಾರಸಿಟಮಾಲ್ ಆಗುತ್ತದೆ. ಸ್ವಂತ ರಕ್ತವಾದ್ದರಿಂದ ಅಲರ್ಜಿಯ ಭಯ ಕಡಿಮೆ. ಖರ್ಚು ಮಾತ್ರ ಸ್ಟೀರಾಯ್ಡ್‌ನ ಎಷ್ಟೋ ಪಟ್ಟು.

ಫಲ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಜಾಹೀರಾತುಗಳು ಜಾರುವುದೂ ಜನರನ್ನು ಜಾರಿಸುವುದೂ ಇಲ್ಲೇ.

2010ರಲ್ಲಿ ನೆದರ್ಲೆಂಡ್ಸ್‌ನಿಂದ 100 ಜನರ ಅಧ್ಯಯನವೊಂದು ಬಂತು. ಅರ್ಧದಷ್ಟು ಜನಕ್ಕೆ ಪಿಆರ್‌ಪಿ, ಉಳಿದವರಿಗೆ ಸ್ಟೀರಾಯ್ಡ್. ವರ್ಷಕ್ಕೆ ನೋವಿನ ಲೆಕ್ಕದಲ್ಲಿ ಪಿಆರ್‌ಪಿ ಫಲ ಕೊಟ್ಟದ್ದು ನೂರಕ್ಕೆ 73 ಜನಕ್ಕೆ, ಸ್ಟೀರಾಯ್ಡ್ 49 ಜನಕ್ಕೆ. ಪಿಆರ್‌ಪಿ ಗೆದ್ದಿತು ಅಂತ ಎಲ್ಲ ಕಡೆ ಸುದ್ದಿ. ಆದರೆ ಸ್ವಲ್ಪ ಯೋಚಿಸಿ. ಯಾರ ಎದುರು ಗೆದ್ದಿತು? ವರ್ಷದ ಓಟದಲ್ಲಿ ಸುಮ್ನೆ ಕೂತವರಿಗಿಂತಲೂ ಹಿಂದೆ ಬೀಳುವ ಸ್ಟೀರಾಯ್ಡ್ ಎದುರು! ಸ್ಟೀರಾಯ್ಡ್‌ಗಿಂತ ಒಳ್ಳೆಯದು ಅಂದ ಮಾತ್ರಕ್ಕೆ ಏನೂ ಮಾಡದೆ ಇರುವುದಕ್ಕಿಂತ ಒಳ್ಳೆಯದು ಅಂತ ಆಗುವುದಿಲ್ಲ. ನಿಜವಾದ ಪರೀಕ್ಷೆ ಉಪ್ಪುನೀರಿನ ಎದುರು.

ಅದನ್ನೂ ಮಾಡಿದ್ದಾರೆ. 2013ರಲ್ಲಿ ಡೆನ್ಮಾರ್ಕಿನವರು 60 ಜನರಿಗೆ ಪಿಆರ್‌ಪಿ, ಸ್ಟೀರಾಯ್ಡ್, ಉಪ್ಪುನೀರು ಅಂತ ಮೂರು ಪಾಲು ಮಾಡಿದರು. ಒಂದು ತಿಂಗಳಿಗೆ ಸ್ಟೀರಾಯ್ಡ್ ಮುಂದೆ, ನಿರೀಕ್ಷೆಯ ಹಾಗೆಯೇ. ಮೂರು ತಿಂಗಳಿಗೆ ನೋವಿನಲ್ಲಿ ಮೂರು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಕಾಕ್ರೇನ್ ಸಂಸ್ಥೆ, ಪಿಆರ್‌ಪಿ ಮತ್ತು ಸ್ವಂತ ರಕ್ತದ ಇಂಜೆಕ್ಷನ್ ಬಗ್ಗೆ ನಡೆದ 32 ಅಧ್ಯಯನಗಳನ್ನು, ಒಟ್ಟು 2337 ಜನರ ಮಾಹಿತಿಯನ್ನು, ಒಟ್ಟಿಗೆ ಇಟ್ಟು ತೂಗಿ ನೋಡಿತು. ಸುಳ್ಳು ಇಂಜೆಕ್ಷನ್ನಿಗೆ ಹೋಲಿಸಿದರೆ ನೋವಿನಲ್ಲಾಗಲಿ ಕೈ ಬಳಕೆಯಲ್ಲಾಗಲಿ ಹೇಳಿಕೊಳ್ಳುವಂಥ ಲಾಭ ಬಹುಶಃ ಇಲ್ಲ ಅನ್ನುವುದು ಅವರ ತೀರ್ಮಾನ.

ಪಿಆರ್‌ಪಿ ಪರ ಇರುವವರು ಸಾಮಾನ್ಯವಾಗಿ ಎತ್ತಿ ತೋರಿಸುವುದು 2014ರ ಅಮೆರಿಕದ ಅಧ್ಯಯನ, ಅದನ್ನೂ ಹೇಳದೆ ಬಿಟ್ಟರೆ ಅನ್ಯಾಯ. 230 ಜನರಲ್ಲಿ ಒಂದು ಗುಂಪಿಗೆ ಪಿಆರ್‌ಪಿ ಜೊತೆ ಸೂಜಿ ಆಡಿಸಿದರು, ಇನ್ನೊಂದಕ್ಕೆ ಪಿಆರ್‌ಪಿ ಇಲ್ಲದೆ ಸೂಜಿ ಮಾತ್ರ ಆಡಿಸಿದರು. 12 ವಾರಕ್ಕೆ ಹೇಳುವಂಥ ವ್ಯತ್ಯಾಸವಿಲ್ಲ. 24 ವಾರಕ್ಕೆ ಪಿಆರ್‌ಪಿಯವರಲ್ಲಿ ನೂರಕ್ಕೆ 84 ಜನಕ್ಕೆ ಗುಣ, ಬರೀ ಸೂಜಿಯವರಲ್ಲಿ 68. ಒಳ್ಳೆಯ ಅಂತರವೇ, ಆದರೆ 24 ವಾರಕ್ಕೆ ಲೆಕ್ಕಕ್ಕೆ ಸಿಕ್ಕವರು 119 ಜನ ಮಾತ್ರ. ಉಳಿದವರ ಕೈ ಏನಾಯಿತೋ ಅಂಕಿಯಲ್ಲಿಲ್ಲ. ನನಗೆ ಇಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದು ಆ 68. ಯಾವ ಔಷಧಿಯೂ ಇಲ್ಲದೆ, ಮರಗಟ್ಟಿಸಿ ಸೂಜಿ ಆಡಿಸಿದ್ದಕ್ಕೇ ಅಷ್ಟು ಜನ ಗುಣವಾದರು. ಸೂಜಿಯ ತೂತಿನಿಂದ ಸ್ವಲ್ಪ ರಕ್ತ ಬಂದು ರಿಪೇರಿ ಶುರುವಾಯಿತೋ, ಕಾಲವೇ ಗುಣ ಮಾಡಿತೋ ಬೇರೆ ಮಾಡಿ ಹೇಳುವುದು ಕಷ್ಟ.

ಇನ್ನೂ ಒಂದು ತೊಡಕು. ಪಿಆರ್‌ಪಿ ಅನ್ನುವುದು ಒಂದೇ ಔಷಧಿಯಲ್ಲ. ಮೆಷಿನ್ ಬೇರೆ, ಎಷ್ಟು ಹೊತ್ತು ತಿರುಗಿಸಿದರು ಅನ್ನುವುದು ಬೇರೆ, ಬಿಳಿ ರಕ್ತಕಣ ಸೇರಿಸಿದರಾ ಬಿಟ್ಟರಾ ಅನ್ನುವುದು ಬೇರೆ. ಒಂದು ಕ್ಲಿನಿಕ್ಕಿನ ಪಿಆರ್‌ಪಿಗೂ ಪಕ್ಕದ ಬೀದಿಯದಕ್ಕೂ ಹೆಸರು ಮಾತ್ರ ಒಂದೇ ಇರಬಹುದು.

ಉಳಿದವು, ಚಿಕ್ಕದಾಗಿ

ಪಿಆರ್‌ಪಿಗಿಂತ ಮೊದಲು ಮೆಷಿನ್ ಗೊಡವೆಯಿಲ್ಲದೆ, ತೋಳಿನಿಂದ ಎರಡು ಎಂ.ಎಲ್. ರಕ್ತ ತೆಗೆದು ನೇರ ಮೊಣಕೈಗೆ ಹಾಕುವ ಪದ್ಧತಿ ಬಂದಿತ್ತು. 2003ರಲ್ಲಿ 28 ಜನರ ಮೇಲೆ ಮಾಡಿದ ವರದಿಯಿಂದ ಅದು ಹೆಸರಾಯಿತು. ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. ಪಿಆರ್‌ಪಿ ಬಗ್ಗೆ ಕಾಕ್ರೇನ್ ಹೇಳಿದ ಮಾತು ಇದಕ್ಕೂ ಸೇರಿಯೇ ಹೇಳಿದ್ದು.

ಪ್ರೋಲೋಥೆರಪಿ ಅಂದರೆ ಗಟ್ಟಿ ಸಕ್ಕರೆ ನೀರು, ಡೆಕ್ಸ್‌ಟ್ರೋಸ್, ಚುಚ್ಚುವುದು. ಬೇಕಂತಲೇ ಸ್ವಲ್ಪ ಕೆರಳಿಸಿ ರಿಪೇರಿಗೆ ಎಬ್ಬಿಸುವುದು ಉದ್ದೇಶ. ಅಗ್ಗ. ಅಧ್ಯಯನಗಳು ಸಣ್ಣವು, ಭರವಸೆ ಇಟ್ಟುಕೊಳ್ಳುವಷ್ಟು ಗಟ್ಟಿಯಿಲ್ಲ.

ಬೊಟಾಕ್ಸ್ ಕೂಡ ಹಾಕುತ್ತಾರೆ ಅಂದರೆ ನಂಬುತ್ತೀರಾ? ಮುಖದ ಸುಕ್ಕಿಗೆ ಹಾಕುವ ಅದೇ ಬೊಟಾಕ್ಸ್. ಸ್ನಾಯುವನ್ನು ಕೆಲವು ತಿಂಗಳು ಸಡಿಲ ಮಾಡಿ ಟೆಂಡನ್ನಿಗೆ ವಿಶ್ರಾಂತಿ ಕೊಡುವ ಉಪಾಯ. 2005ರಲ್ಲಿ ಹಾಂಗ್‌ಕಾಂಗಿನವರು ನೋಡಿದಾಗ ನೋವು ಕಡಿಮೆಯಾಯಿತು, ಆದರೆ ಕೆಲವರಿಗೆ ಬೆರಳು ಎತ್ತಲು ಆಗದ ಹಾಗೆ ದುರ್ಬಲವಾಯಿತು. ಕೈ ಕೆಲಸದಿಂದಲೇ ಹೊಟ್ಟೆ ಹೊರೆಯುವ ಟೈಲರಿಗೆ, ಕಾರ್ಪೆಂಟರಿಗೆ ಇದು ಯಾವ ಸೀಮೆ ಉಪಾಯ, ಅಲ್ವಾ?

ಸುಮ್ನೆ ಕಾದರೆ ನಿಜವಾಗಿಯೂ ಹೋಗುತ್ತದಾ

ಹೋಗುತ್ತದೆ. ಬಹುಪಾಲು ಜನರಿಗೆ. ಸುಳ್ಳು ಚಿಕಿತ್ಸೆ ಅಥವಾ ಏನೂ ಚಿಕಿತ್ಸೆ ಪಡೆಯದ ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಮಾಡಿದ ವಿಶ್ಲೇಷಣೆಯೊಂದು 2022ರಲ್ಲಿ ಬಂತು. ಅದರ ಪ್ರಕಾರ ಹೆಚ್ಚುಕಮ್ಮಿ ಪ್ರತಿ ಮೂರು ತಿಂಗಳಿಗೆ, ನೋವು ಉಳಿದವರಲ್ಲಿ ಅರ್ಧದಷ್ಟು ಜನ ಗುಣವಾಗುತ್ತಾ ಹೋಗುತ್ತಾರೆ. ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 90 ಜನ. ಇದರಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. ಆರು ತಿಂಗಳಿಂದ ನೋಯುತ್ತಿದೆ, ಇನ್ನು ತಾನಾಗಿ ಹೋಗುವುದಿಲ್ಲ, ಈಗ ದೊಡ್ಡ ಚಿಕಿತ್ಸೆಯೇ ಬೇಕು ಅಂತ ನಾವು ಅಂದುಕೊಳ್ಳುತ್ತೇವಲ್ಲ, ಅದು ತಪ್ಪು. ಎಷ್ಟು ಕಾಲದಿಂದ ನೋಯುತ್ತಿದ್ದರೂ ಮುಂದಿನ ಮೂರು ತಿಂಗಳಲ್ಲಿ ಗುಣವಾಗುವ ಅವಕಾಶ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಇದರಿಂದ ಇನ್ನೊಂದು ವಿಷಯ ಅರ್ಥವಾಗುತ್ತದೆ. "ನಮ್ಮ ಚಿಕ್ಕಪ್ಪನಿಗೆ ಇಂಥ ಇಂಜೆಕ್ಷನ್ನಿನಿಂದಲೇ ವಾಸಿಯಾಯಿತು" ಅನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ, ಎಣ್ಣೆ ಹಚ್ಚಿ ನೀವಿಸಿಕೊಂಡು ವಾಸಿಯಾದವರೂ ಸಿಗುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ತಾನಾಗಿ ಹೋಗುವ ಕಾಯಿಲೆಗೆ ಕೊನೆಗೆ ಮಾಡಿದ ಚಿಕಿತ್ಸೆಗೆ ಹೆಸರು ಬರುತ್ತದೆ, ಅಷ್ಟೆ.

ಕಾಯುವುದು ಅಂದರೆ ಕೈ ಜೋಳಿಗೆಗೆ ಹಾಕಿ ಕೂರುವುದಲ್ಲ. ಟೆಂಡನ್ ಗಟ್ಟಿಯಾಗಬೇಕಾದರೆ ಅದರ ಮೇಲೆ ಹದವಾಗಿ ಭಾರ ಬೀಳುತ್ತಿರಬೇಕು. ಮನೆಯಲ್ಲೇ ಮಾಡುವ ಒಂದು ವ್ಯಾಯಾಮ ಹೇಳುತ್ತೇನೆ. ಕುರ್ಚಿಯಲ್ಲಿ ಕೂತು ಮುಂಗೈಯನ್ನು ಮೇಜಿನ ಮೇಲೆ ಇಡಿ, ಮಣಿಕಟ್ಟು ಮಾತ್ರ ಅಂಚಿನಿಂದ ಹೊರಗೆ, ಅಂಗೈ ಕೆಳಮುಖ. ಕೈಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ. ಇನ್ನೊಂದು ಕೈಯಿಂದ ಸಹಾಯ ಮಾಡಿ ಮಣಿಕಟ್ಟನ್ನು ಮೇಲೆ ಎತ್ತಿ, ಆಮೇಲೆ ಆ ಕೈ ಬಿಟ್ಟು, ನಾಲ್ಕೈದು ಎಣಿಸುತ್ತಾ ನಿಧಾನವಾಗಿ ಕೆಳಗೆ ಇಳಿಸಿ. ಎತ್ತುವುದಲ್ಲ, ಇಳಿಸುವುದೇ ಇಲ್ಲಿ ಕೆಲಸ. ಹತ್ತು ಹದಿನೈದು ಸಲ, ಸ್ವಲ್ಪ ಬಿಡುವು ಕೊಟ್ಟು ಮೂರು ಸುತ್ತು. ಸ್ವಲ್ಪ ನೋವಾದರೆ ಪರವಾಗಿಲ್ಲ, ಹತ್ತಕ್ಕೆ ಮೂರು ನಾಲ್ಕು ಅನ್ನುವಷ್ಟು, ಮರುದಿನ ಬೆಳಗ್ಗೆಗೆ ಇಳಿದಿರಬೇಕು. ಇಳಿಯದಿದ್ದರೆ ಬಾಟಲಿಯಲ್ಲಿ ನೀರು ಕಡಿಮೆ ಮಾಡಿ. ಎರಡು ಮೂರು ತಿಂಗಳು ಬಿಡದೆ ಮಾಡಬೇಕು, ಎರಡೇ ವಾರಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಟ್ಟರೆ ಪ್ರಯೋಜನವಿಲ್ಲ. ಒಂದು ಸಲ ಫಿಸಿಯೋಥೆರಪಿಸ್ಟ್ ಎದುರು ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು.

ದಿನದ ಕೆಲಸದಲ್ಲಿ ಒಂದೇ ಬದಲಾವಣೆ ತುಂಬಾ ಸಹಾಯ ಮಾಡುತ್ತದೆ. ಏನೇ ಎತ್ತಿದರೂ ಅಂಗೈ ಮೇಲ್ಮುಖವಾಗಿ ಎತ್ತಿ. ಬಕೆಟ್, ಚೀಲ, ಕುಕ್ಕರ್, ಲ್ಯಾಪ್‌ಟಾಪ್ ಎಲ್ಲ. ಆಗ ಭಾರ ತೋಳಿನ ಮುಂಭಾಗದ ಸ್ನಾಯುಗಳಿಗೆ ಹೋಗುತ್ತದೆ. ಬಟ್ಟೆ ಹಿಂಡುವುದನ್ನು ಕೆಲವು ತಿಂಗಳು ಮನೆಯ ಬೇರೆಯವರಿಗೆ ದಾಟಿಸಿ, ಗಂಡಸರಿಗೂ ಮಣಿಕಟ್ಟಿದೆ.

ಮೊಣಕೈ ನೋವೆಲ್ಲ ಇದೇ ಅಂತ ಸ್ವಂತ ತೀರ್ಮಾನ ಬೇಡ. ಬಿದ್ದು ಪೆಟ್ಟಾಗಿದ್ದರೆ, ಊತ ಜ್ವರ ಇದ್ದರೆ, ಬೆರಳು ಜೋಮು ಹಿಡಿದಿದ್ದರೆ, ಕುತ್ತಿಗೆಯಿಂದ ನೋವು ಇಳಿದು ಬರುತ್ತಿದ್ದರೆ, ಕೈಯಲ್ಲಿ ಶಕ್ತಿಯೇ ಇಲ್ಲದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಎಡಗೈ ನೋವಿನ ಜೊತೆ ಎದೆ ಬಿಗಿತ ಅಥವಾ ಬೆವರು ಇದ್ದರೆ ಮೂಳೆ ಡಾಕ್ಟರಲ್ಲ, ನೇರ ಎಮರ್ಜೆನ್ಸಿ.

ಸೂಜಿ ಹಿಡಿದು ಡಾಕ್ಟರು ಎದುರು ನಿಂತಾಗ

"ಸರ್, ಇದು ಯಾವ ಔಷಧಿ? ಹೆಸರು ಚೀಟಿಯಲ್ಲಿ ಬರೆದುಕೊಡ್ತೀರಾ?" ಅಂತ ಕೇಳಿ. ಇದು ಅವಮಾನ ಮಾಡುವ ಪ್ರಶ್ನೆಯಲ್ಲ, ನಿಮ್ಮ ಹಕ್ಕು. ಸ್ಟೀರಾಯ್ಡ್ ಅಂದರೆ "ವರ್ಷದ ಮೇಲೆ ಹೇಗಿರುತ್ತೆ, ಮರುಕಳಿಸುತ್ತಾ?" ಅಂತ ಕೇಳಿ. ಪಿಆರ್‌ಪಿ ಅಂದರೆ "ಇದು ಬಿಟ್ಟು ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದ್ರೆ ಏನಾದ್ರೂ ನಷ್ಟ ಇದೆಯಾ?" ಅಂತ ಕೇಳಿ. ಒಳ್ಳೆಯ ಡಾಕ್ಟರಿಗೆ ಸಿಟ್ಟು ಬರುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ, ಶುಗರ್ ಇದ್ದರೆ, ಗರ್ಭಿಣಿಯಾಗಿದ್ದರೆ ಅವರು ಕೇಳುವವರೆಗೆ ಕಾಯಬೇಡಿ.

ಟೂರ್ನಮೆಂಟ್ ಆಡುವ ಮಕ್ಕಳಿದ್ದರೆ ಅವರ ತಂದೆತಾಯಿಗೆ ಒಂದು ಮಾತು. 2022ರ ಜನವರಿಯಿಂದ ಸ್ಪರ್ಧೆಯ ಅವಧಿಯಲ್ಲಿ ಎಲ್ಲ ಬಗೆಯ ಸ್ಟೀರಾಯ್ಡ್ ಇಂಜೆಕ್ಷನ್ನನ್ನೂ ವಾಡಾ, ಅಂದರೆ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ, ನಿಷೇಧಿಸಿದೆ, ಕೀಲಿಗೆ, ಟೆಂಡನ್ನಿಗೆ ಹಾಕುವುದೂ ಸೇರಿ. ಪಿಆರ್‌ಪಿಗೆ ಆ ತೊಂದರೆಯಿಲ್ಲ, 2011ರಲ್ಲೇ ನಿಷೇಧದ ಪಟ್ಟಿಯಿಂದ ತೆಗೆದಿದ್ದಾರೆ.

ಈಗಾಗಲೇ ಸ್ಟೀರಾಯ್ಡ್ ಹಾಕಿಸಿಕೊಂಡು ಆಗಿದೆ, ಈಗ ಇದನ್ನು ಓದುತ್ತಿದ್ದೀರಿ ಅಂದರೆ ಗಾಬರಿ ಬೇಡ. ಮೇಲೆ ಹೇಳಿದ ಅಧ್ಯಯನಗಳಲ್ಲಿ ನೂರಕ್ಕೆ 69ರಿಂದ 83 ಜನ ಆ ದಾರಿಯಲ್ಲೂ ವರ್ಷದ ಹೊತ್ತಿಗೆ ಸರಿಹೋಗಿದ್ದಾರೆ. ನೋವು ಹೋಗಿದೆ ಅಂತ ಮೊದಲ ಎರಡು ವಾರ ಭಾರ ಎತ್ತಬೇಡಿ, ಹಿಂಡಬೇಡಿ, ಸುತ್ತಿಗೆ ಹಿಡಿಯಬೇಡಿ. ಆಮೇಲೆ ಬಾಟಲಿ ವ್ಯಾಯಾಮವನ್ನು ಕಾಲು ಲೀಟರಿನಿಂದ ಶುರು ಮಾಡಿ. ಎರಡು ಮೂರು ತಿಂಗಳಿಗೆ ನೋವು ತಿರುಗಿ ಬಂದರೆ ಎರಡನೇ ಸ್ಟೀರಾಯ್ಡ್‌ಗೆ ತೋಳು ಚಾಚುವ ಬದಲು ವ್ಯಾಯಾಮವನ್ನೇ ಮುಂದುವರಿಸಿ. ಚುಚ್ಚಿದ ಜಾಗ ಬೆಳ್ಳಗಾದರೆ ಅದರ ಫೋಟೋ ತೆಗೆದಿಟ್ಟುಕೊಂಡು ಎರಡು ತಿಂಗಳ ಮೇಲೆ ಹೋಲಿಸಿ ನೋಡಿ.